ಶ್ವಾನಗೃಹಪ್ರವೇಶ ಮೀಮಾಂಸೆ

ಉಪೋದ್ಘಾತ

ಆನೆಗೆ ಶಾಸ್ತ್ರವಿದೆ; ಗಂಗರ ದೊರೆ ಶಿವಮಾರ ಗಜಾಷ್ಟಕ ಬರೆದ. ಹಸುವಿಗೆ ಶಾಸ್ತ್ರವಿದೆ, ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಗೋವೈದ್ಯ ಬರೆದ. ಕುದುರೆಗೆ ಅಭಿನವಚಂದ್ರನ ಅಶ್ವವೈದ್ಯವಿದೆ. ನಾಯಿಯ ಪಾಲಿಗೆ ಕನ್ನಡದಲ್ಲಿ ಬಂದದ್ದು ಗಾದೆಗಳು, ಅವೂ ಬಹುಪಾಲು ಬೈಗುಳದ ಲೆಕ್ಕಕ್ಕೇ ಸೇರುವಂಥವು. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನಾಯಿಗಳ ವಿಚಾರ ಬರುತ್ತದೆ, ನಿಜ. ಆದರೆ ಅದು ಬೇಟೆನಾಯಿಯ ವಿಚಾರ. ಮೃಗವನ್ನು ಅಟ್ಟಿಸಿಕೊಂಡು ಹೋಗುವ ನಾಯಿಯನ್ನು ರಾಜ ಬಲ್ಲವನಾಗಿದ್ದ; ವಾಷಿಂಗ್ ಮೆಷಿನ್ ಹಿಂದೆ ಸೇರಿಕೊಂಡು ನಿನ್ನೆಯಿಂದ ಹೊರಗೆ ಬಾರದ ನಾಯಿಯನ್ನು ಅವನು ಕಂಡಿರಲಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವೊಂದು ಮಾತ್ರ ನಮ್ಮ ವಿಷಯದ ಹೊಸ್ತಿಲವರೆಗೆ ಬರುತ್ತದೆ. ಕ್ರಿ.ಶ. 950ರ ಆಸುಪಾಸು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು, ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಊರು ಕೇಳಬಹುದಾಗಿದ್ದವನು ನಾಯಿ ಕೇಳಿದ್ದನ್ನು ಕನ್ನಡನಾಡಿನ ಆದಿದತ್ತಕವೆಂದು ಈ ಗ್ರಂಥ ಎಣಿಸುತ್ತದೆ. ಅರಮನೆಯಿಂದ ಬಂದ ಕಾಳಿ ಹೊಸ ಯಜಮಾನನ ಮನೆಯಲ್ಲಿ ಮೊದಲ ರಾತ್ರಿ ಅನ್ನ ಮುಟ್ಟಿತೇ, ಎಲ್ಲಿ ಮಲಗಿತು, ಮಣಲೇರನ ತಾಯಿ ಏನೆಂದರು ಎಂಬುದರ ಬಗ್ಗೆ ಶಾಸನ ಮೌನವಾಗಿದೆ. ಆ ಕೊರತೆಯನ್ನು ತುಂಬಲು ಹೊರಟಿದ್ದೇನೆ.

ಗ್ರಂಥದ ಚಕ್ಕುಬಂದಿ: ಉತ್ತರಕ್ಕೆ ಲಾಲ್‌ಬಾಗ್, ದಕ್ಷಿಣಕ್ಕೆ ಪುಟ್ಟೇನಹಳ್ಳಿ ಕೆರೆ, ಪೂರ್ವಕ್ಕೆ ಮಡಿವಾಳ ಕೆರೆ, ಪಶ್ಚಿಮಕ್ಕೆ ಬನಶಂಕರಿ ಮೂರನೇ ಹಂತ. ಇದರಾಚೆಯ ನಾಯಿಗಳ ಬಗ್ಗೆ, ವಿಶೇಷವಾಗಿ ಮಲ್ಲೇಶ್ವರದ ನಾಯಿಗಳ ಬಗ್ಗೆ, ಅಭಿಪ್ರಾಯ ಹೇಳುವ ಅಧಿಕಾರ ನನಗಿಲ್ಲ. 2023ರಲ್ಲಿ ಪಾಲಿಕೆ ಎಣಿಸಿದಾಗ ಇಡೀ ನಗರದಲ್ಲಿ ಬೀದಿನಾಯಿಗಳು ಸುಮಾರು 2.79 ಲಕ್ಷ ಇದ್ದವು. ಇವುಗಳಲ್ಲಿ ಕೆಲವಕ್ಕೆ ಗೇಟು ತೆರೆಯುತ್ತದೆ. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆ 1991ರಲ್ಲಿ ಇಲ್ಲಿ ಪ್ರಾಣಿಗಳ ರಕ್ಷಣೆಗೆಂದು ಕ್ಯೂಪಾ ಸಂಸ್ಥೆ ಶುರುಮಾಡಿದರು. ಅಲ್ಲಿಂದೀಚೆಗೆ ಇಂಥ ಹಲವು ಸಂಸ್ಥೆಗಳು, ಸಂಸ್ಥೆಯೇ ಅಲ್ಲದ ಎಷ್ಟೋ ಒಂಟಿ ಆಸಾಮಿಗಳು ನಾಯಿಗಳನ್ನು ದತ್ತು ಕೊಡುವ ಕೆಲಸದಲ್ಲಿದ್ದಾರೆ. ಫಾರಂ ತುಂಬಬೇಕು, ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು, ಬಾಲ್ಕನಿಗೆ ಜಾಲರಿ ಇದೆಯೇ ಎಂದು ನೋಡಲು, ಗಂಡಿನ ಮನೆ ನೋಡಲು ಬರುವ ಸೋದರಮಾವನಂತೆ, ಯಾರೋ ಒಬ್ಬರು ಬಂದು ಕಾಫಿ ಕುಡಿದು ಹೋಗುತ್ತಾರೆ. ಆಮೇಲೆ ನಾಯಿ ಬರುತ್ತದೆ.

ಸಿದ್ಧಾಂತವನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಕಾರರ ಪದ್ಧತಿ. ಹೊಸ ನಾಯಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಉಪಚಾರವಲ್ಲ, ಉಪೇಕ್ಷೆ. ಹೊತ್ತಿಗೆ ಸರಿಯಾಗಿ ಅನ್ನ ನೀರು ಇಟ್ಟು, ಮಾತಾಡಿಸದೆ, ಎದುರಿಗೆ ಬಂದು ನಿಲ್ಲದೆ, ತನ್ನ ಪಾಡಿಗೆ ತಾನಿರಲು ಬಿಡುವ ಸಭ್ಯ ಉಪೇಕ್ಷೆ. ಮೀಟರ್ ಓದಲು ಬಂದವರನ್ನೂ ಕಾಫಿ ಕೊಡದೆ ಕಳಿಸದ ಬಡಾವಣೆಗಳಲ್ಲಿ ಇದು ಎಂಥ ಕಠಿಣ ಸಾಧನೆ ಎಂಬುದು ಮುಂದಿನ ಪ್ರಕರಣಗಳಲ್ಲಿ ತಿಳಿಯುತ್ತದೆ.

ಲಕ್ಷಣ ವಿಚಾರ

ತಾರ್ಕಿಕರು ಹಸುವಿಗೆ ಲಕ್ಷಣ ಹೇಳಲು ಹೊರಟು ಬಹಳ ಯೋಚನೆ ಮಾಡಿದರು. ಕಪಿಲ ಬಣ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬಿರುವುದು ಎಂದರೆ ಎಮ್ಮೆಯೂ ಒಳಗೆ ನುಗ್ಗುತ್ತದೆ, ಅದು ಅತಿವ್ಯಾಪ್ತಿ. ಸೀಳಿಲ್ಲದ ಗೊರಸಿನದು ಎಂದರೆ ಯಾವ ಹಸುವಿಗೂ ಹೊಂದದು, ಅದು ಅಸಂಭವ. ಕೊನೆಗೆ ಕುತ್ತಿಗೆಯ ಗಂಗೆದೊಗಲನ್ನು ಹಿಡಿದುಕೊಂಡು ಪಾರಾದರು.

ಹೊಸದಾಗಿ ದತ್ತು ಬಂದ ನಾಯಿಗೆ ಲಕ್ಷಣವೇನು? ಬಾಲ ಅಲ್ಲಾಡಿಸುವುದು ಎಂದರೆ ಅಸಂಭವ. ಮೊದಲೆರಡು ದಿನ ಬಾಲ ಹಿಂಗಾಲುಗಳ ನಡುವೆ ಅಡಗಿರುತ್ತದೆ. ದಿವಾನ್ ಕಾಟ್ ಕೆಳಗಿರುವುದು ಎನ್ನೋಣವೆಂದರೆ ಬಾತ್‌ರೂಮಿನ ಬಕೆಟ್ ಹಿಂದೆ ಕೂತ ನಾಯಿಗೆ ಅದು ಅನ್ವಯಿಸದೆ ಅವ್ಯಾಪ್ತಿಯಾಗುತ್ತದೆ. ಜೊತೆಗೆ ದಿವಾನ್ ಕಾಟ್ ಕೆಳಗೆ ದಸರಾ ಗೊಂಬೆಗಳ ಟ್ರಂಕು, ಯಾರೂ ಎತ್ತದ ಡಂಬೆಲ್, ಕಳೆದುಹೋಯಿತೆಂದು ನಂಬಿದ್ದ ಒಂಟಿ ಚಪ್ಪಲಿಗಳೂ ಇರುವುದರಿಂದ ಅತಿವ್ಯಾಪ್ತಿಯೂ ಅದಕ್ಕೇ ಅಂಟುತ್ತದೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಇದು: ಮನೆಯವರೆಲ್ಲ ಮಲಗಿದ ಮೇಲೆ ಎದ್ದು ನೀರು ಕುಡಿಯುವುದೇ ನವಾಗತ ನಾಯಿ. ಸಕ್ಕರೆ ಕಾಯಿಲೆಯ ತಾತನೂ ರಾತ್ರಿ ಎದ್ದು ನೀರು ಕುಡಿಯುತ್ತಾರಲ್ಲ ಎಂಬ ಆಕ್ಷೇಪಕ್ಕೆ ಸಮಾಧಾನ: ತಾತ ಲೈಟ್ ಹಾಕುತ್ತಾರೆ.

ಹಗಲಿನಲ್ಲಿ ಅಡಗುವ ಜಾಗವನ್ನು ಹಿಡಿದು ಇವುಗಳಲ್ಲಿ ಉಪಭೇದಗಳಿವೆ. ಮಂಚಾಧಃಸ್ಥವೇ ಹೆಚ್ಚು. ಯಂತ್ರಪೃಷ್ಠಸ್ಥವು ವಾಷಿಂಗ್ ಮೆಷಿನ್ ಅಥವಾ ಫ್ರಿಜ್ಜಿನ ಹಿಂದೆ ಇರುತ್ತದೆ. ಯಂತ್ರ ಸುತ್ತಲು ಶುರುವಾದೊಡನೆ ಮನೆಯ ಇನ್ನೊಂದು ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸ್ನಾನಗೃಹಸ್ಥವು ಬುದ್ಧಿವಂತ ಜಾತಿ: ನೆಲ ತಣ್ಣಗಿದೆ, ಬೆನ್ನಿಗೆ ಗೋಡೆಯಿದೆ, ಬರುವ ದಾರಿ ಒಂದೇ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗಿನ ಪೈಪೋಟಿಯೊಂದನ್ನು ಬಿಟ್ಟರೆ ಆ ಜಾಗಕ್ಕೆ ಸಮನಿಲ್ಲ. ಅಪರೂಪವಾದದ್ದು ದೇವಗೃಹಸ್ಥ. ದೇವರ ಮನೆ ಕತ್ತಲಾಗಿ, ಚಿಕ್ಕದಾಗಿ, ಯಾರೂ ಕಾಲು ಚಾಚದ ಜಾಗವಾದ್ದರಿಂದ ನಾಯಿಯ ಆಯ್ಕೆಯಲ್ಲಿ ತಪ್ಪು ಕಾಣುವುದಿಲ್ಲ. ಮಡಿಯ ಅಜ್ಜಿಯರು ಕಾಣುತ್ತಾರೆ. ಮೊಮ್ಮಗಳು ಭೈರವನ ವಾಹನವೇ ನಾಯಿ ಅಲ್ವಾ ಅಜ್ಜಿ ಎಂದು ಪೂರ್ವಪಕ್ಷ ಹೂಡಿ, ಗೋಡೆಯ ಮೇಲಿನ ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳೇ ಇವೆಯಲ್ಲ ಎಂದು ಪ್ರಮಾಣ ಒದಗಿಸಿದ ಮನೆಯೊಂದನ್ನು ಬಲ್ಲೆ. ಅಜ್ಜಿ ಪಟವನ್ನು ಹತ್ತಿರದಿಂದ ನೋಡಿ, “ಇವೆ ಕಣೇ, ಆದ್ರೆ ನಾಲ್ಕೂ ಹೊರಗೇ ನಿಂತಿವೆ” ಎಂದರು. ಈ ಖಂಡನೆಗೆ ಇದುವರೆಗೆ ಉತ್ತರ ಬಂದಿಲ್ಲ.

ಉಪಭೇದ ಯಾವುದೇ ಇರಲಿ, ವಿಧಿ ಒಂದೇ. ಎಳೆಯಬಾರದು. ಅಡಗಿದ್ದನ್ನು ಕೈಹಾಕಿ ಎಳೆದವರ ಕೈಯೇ ಆಸ್ಪತ್ರೆಗೆ ಹೋಗುವುದು. ಬಟ್ಟಲನ್ನು ಸ್ವಲ್ಪ ದೂರದಲ್ಲಿಟ್ಟು, ಬೆನ್ನು ತಿರುಗಿಸಿ ಕೂತು, ಪೇಪರ್ ಓದಬೇಕು.

ಮೂಲಭೇದ

ಪ್ರಾಣಿಗಳನ್ನು ಅಂಡಜ, ಸ್ವೇದಜ, ಉದ್ಭಿಜ್ಜ, ಜರಾಯುಜ ಎಂದು ಹುಟ್ಟಿನಿಂದ ವಿಂಗಡಿಸಿದವರ ದಾರಿಯಲ್ಲೇ ನಡೆದು, ದತ್ತು ನಾಯಿಗಳನ್ನು ಮೋರಿಜ, ಬೀದಿಜ, ತ್ಯಕ್ತ, ಪುನರಾಗತ ಎಂದು ನಾಲ್ಕಾಗಿಸುತ್ತೇನೆ.

ಮೋರಿಜವೆಂದರೆ ಮಳೆಗಾಲದಲ್ಲಿ ಮೋರಿಯಿಂದಲೋ, ನಿಂತ ಕಾರಿನ ಕೆಳಗಿನಿಂದಲೋ ಎತ್ತಿಕೊಂಡ ಮರಿ. ಇದರ ವಿಚಾರ ಸಲೀಸು. ಹುಟ್ಟಿದ ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ಮರಿ ಕಂಡದ್ದನ್ನೆಲ್ಲ ಲೋಕದ ಸಹಜ ಸಾಮಗ್ರಿ ಎಂದು ಒಪ್ಪಿಕೊಳ್ಳುತ್ತದೆ. ಹೆಲ್ಮೆಟ್, ಕೊಡೆ, ಮೀಸೆ, ಆಟೋ ಎಲ್ಲವನ್ನೂ ಆಗಲೇ ತೋರಿಸಿಬಿಡಬೇಕು. ತೊಡಕೆಂದರೆ ಲಸಿಕೆಗಳು ಶುರುವಾಗುವುದು ಆರರಿಂದ ಎಂಟನೇ ವಾರದಲ್ಲಿ, ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಅಲ್ಲಿಯವರೆಗೆ ಪಾರ್ವೋ ವೈರಸ್ ಇರುವ ಮಣ್ಣಿಗೆ ಕಾಲಿಡಿಸುವಂತಿಲ್ಲ. ಹಾಗಾಗಿ ಲೋಕವನ್ನು ಸೊಂಟದ ಮೇಲೆ ಕೂರಿಸಿಕೊಂಡು ತೋರಿಸಬೇಕು.

ಬೀದಿಜದ ಮೇಲೆ ಸ್ವಲ್ಪ ನಿಲ್ಲಬೇಕು. ಏಕೆಂದರೆ ಇದನ್ನು ‘ಪಾಪ, ಮನೆ ಇರಲಿಲ್ಲ’ ಎಂದು ಪರಿಚಯಿಸುವುದೇ ವಾಡಿಕೆ, ಮತ್ತು ಅದು ಶುದ್ಧ ಸುಳ್ಳು. ಇದಕ್ಕೆ ಒಂದು ಇಡೀ ಕ್ರಾಸ್ ಇತ್ತು. ಬೆಳಗಿನ ಜಾವ ಹಾಲಿನ ವ್ಯಾನಿಗೆ ಬೆಂಗಾವಲು, ಏಳಕ್ಕೆ ಕಸದ ಆಟೋವನ್ನು ಗಡಿಯಾಚೆ ದಾಟಿಸುವುದು, ಹತ್ತರಿಂದ ನಾಲ್ಕರವರೆಗೆ ನಿಲ್ಲಿಸಿದ ಕಾರಿನ ಕೆಳಗೆ ವಿಶ್ರಾಂತಿ, ಸಂಜೆ ಬೇಕರಿ ಮುಂದೆ ಹಾಜರಿ, ರಾತ್ರಿ ಗಸ್ತು. ಎಷ್ಟು ಮನೆಗಳೋ ಅಷ್ಟು ಹೆಸರು: ಬೇಕರಿಯವನಿಗೆ ರಾಜ, ವಾಚ್‌ಮ್ಯಾನಿಗೆ ಕರಿಯ, ಮೂಲೆಮನೆ ರಿಟೈರ್ಡ್ ಮೇಷ್ಟರಿಗೆ ಟಿಪ್ಪು, ಅದೇ ಮನೆಯ ಅಮ್ಮನಿಗೆ ನಾರಾಯಣ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದು ಅರ್ಥ. 2001ರಲ್ಲಿ ಬಂದು 2023ರಲ್ಲಿ ಹೊಸದಾದ ಕೇಂದ್ರ ನಿಯಮಗಳ ಪ್ರಕಾರ ಹೀಗೆ ಮಾಡಿ ಅದರದೇ ಬೀದಿಗೆ ವಾಪಸು ಬಿಟ್ಟಿರುತ್ತಾರೆ. ಇಂಥ ಅಧಿಕಾರಿಯನ್ನು ಕಾಲಿಗೆ ಗಾಯವಾಯಿತೆಂದೋ, ವಯಸ್ಸಾಯಿತೆಂದೋ ಎರಡು ಬೆಡ್‌ರೂಮಿನ ಮನೆಗೆ ತಂದಾಗ ಅದಕ್ಕೆ ಆಗುವುದು ಉದ್ಧಾರವೆಂದು ಅದಕ್ಕಂತೂ ತಿಳಿದಿರುವುದಿಲ್ಲ.

ಅದರ ಎದುರು ಮೊದಲು ನಿಲ್ಲುವುದು ನೆಲ. ಡಾಂಬರು, ಮಣ್ಣು, ಚಪ್ಪಡಿ ಬಲ್ಲ ಪಾದಗಳಿಗೆ ವಿಟ್ರಿಫೈಡ್ ಟೈಲ್ಸ್ ನೀರಿನಂತೆ ಜಾರುತ್ತದೆ. ನಾಯಿ ಹಾಲ್ ನಡುವೆ ನಾಲ್ಕೂ ಕಾಲು ಅಗಲಿಸಿ ನಿಂತುಬಿಡುತ್ತದೆ. ಹಳೆಯ ಬೆಡ್‌ಶೀಟು, ಗೋಣಿಚೀಲ, ಯೋಗದ ಮ್ಯಾಟ್ ಸಾಲಾಗಿ ಹಾಸಿ ಕಾಲುದಾರಿ ಮಾಡಿಕೊಡಬೇಕು. ಜಯನಗರದ ಹಳೆಯ ರೆಡ್ ಆಕ್ಸೈಡ್ ನೆಲವೂ ಜಾರುತ್ತದೆ, ಆದರೆ ಅದಕ್ಕೆ ಯಾರೂ ಗೋಣಿ ಹಾಸಲು ಬಿಡುವುದಿಲ್ಲ. ಮುಂದಿನದು ಲಿಫ್ಟು: ತಾನಾಗಿ ಬಾಯಿ ತೆರೆದು, ಒಳಗೆ ಹೋದವರನ್ನು ನುಂಗಿ, ಬೇರೆಯವರನ್ನು ಹೊರಗೆ ಉಗುಳುವ ಪೆಟ್ಟಿಗೆಯ ಬಗ್ಗೆ ನಾಯಿ ತಳೆಯುವ ನಿಲುವು ತರ್ಕಬದ್ಧವಾದದ್ದೇ. ಆಮೇಲೆ ಶೌಚ. ಬೀದಿಜ ಮನೆಯೊಳಗೆ ಗಲೀಜು ಮಾಡುತ್ತದೆ ಎಂಬ ಭಯ ಎಲ್ಲರಿಗೂ. ಬಹಳ ಸಲ ಆಗುವುದು ತದ್ವಿರುದ್ಧ. ಮಲಗುವ ಜಾಗದಲ್ಲಿ ಹೋಗಬಾರದೆಂಬ ಶಿಸ್ತು ಅದಕ್ಕೆ ಮೊದಲೇ ಇರುತ್ತದೆ, ಇಡೀ ಮನೆಯನ್ನೇ ಮಲಗುವ ಜಾಗವೆಂದು ಭಾವಿಸಿ ಅರ್ಧ ದಿನಕ್ಕೂ ಮೀರಿ ಕಟ್ಟಿಕೊಂಡು ಕೂರುತ್ತದೆ. ಕರೆದುಕೊಂಡು ಹೋದರೆ ಗಾಬರಿಯಲ್ಲಿ ಏನೂ ಮಾಡದೆ ವಾಪಸು ಬರುತ್ತದೆ. ಒಂದೇ ಹೊತ್ತಿಗೆ, ಒಂದೇ ಮರದ ಬುಡಕ್ಕೆ, ಜನವಿಲ್ಲದಾಗ ಕರೆದೊಯ್ದು ಕಾಯುವುದೊಂದೇ ದಾರಿ. ಆ ಮರದ ಮೇಲೆ ಬೇರೆ ನಾಯಿಗಳ ದಸ್ತಖತ್ತುಗಳು ಮೊದಲೇ ಇರುತ್ತವೆ. ಓದಿ ಮುಗಿಸಲು ಸಮಯ ಕೊಡಬೇಕು.

ತಪ್ಪಿಸಿಕೊಳ್ಳುವ ಅಪಾಯವೂ ಈ ವರ್ಗಕ್ಕೇ ಹೆಚ್ಚು. ಕತ್ತಿನ ಪಟ್ಟಿಯೊಂದನ್ನು ನಂಬಬಾರದು. ನಾಯಿ ಹಿಂದಕ್ಕೆ ಜಗ್ಗಿದರೆ ತಲೆ ಸಲೀಸಾಗಿ ಆಚೆ ಬರುತ್ತದೆ. ಎದೆಗೆ ಹಾರ್ನೆಸ್, ಕತ್ತಿಗೆ ಪಟ್ಟಿ, ಎರಡಕ್ಕೂ ಬೇರೆ ಬೇರೆ ಹಗ್ಗ, ಫೋನ್ ನಂಬರಿನ ಬಿಲ್ಲೆ. ಇದು ಮೊದಲ ತಿಂಗಳ ಉಡುಗೆ.

ಮೂರನೆಯದು ತ್ಯಕ್ತ: ಒಮ್ಮೆ ದುಡ್ಡು ಕೊಟ್ಟು ತಂದು, ಆಮೇಲೆ ತುರಹಳ್ಳಿ ಕಾಡಿನ ಅಂಚಿನಲ್ಲೋ ರಿಂಗ್ ರಸ್ತೆಯಲ್ಲೋ ಇಳಿಸಿ ಹೋದ ಜಾತಿನಾಯಿ. ಇದರ ಇತಿಹಾಸವನ್ನು ಜಾಹೀರಾತು ಮತ್ತು ಸಿನಿಮಾಗಳ ಮೂಲಕ ಬರೆಯಬಹುದು. 2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೋದ ಪಗ್ ಊರೂರಿಗೆ ಬಂತು; ಚಪ್ಪಟೆ ಮೂತಿಯಿಂದಾಗಿ ಅದಕ್ಕೆ ಉಸಿರಾಟವೇ ಕಷ್ಟ ಎಂಬುದನ್ನು ಜಾಹೀರಾತು ಹೇಳಲಿಲ್ಲ. 2022ರ ಜೂನ್‌ನಲ್ಲಿ ‘777 ಚಾರ್ಲಿ’ ಬಂದು ಥಿಯೇಟರಿನಲ್ಲಿ ಅತ್ತವರು ಎಷ್ಟೋ ಮಂದಿ. ಮರಿ ಹುಟ್ಟಿಸಿ ಮಾರುವವರ ಮನೆಯಿಂದ ತಪ್ಪಿಸಿಕೊಂಡ ನಾಯಿಯ ಕತೆ ನೋಡಿ ಅತ್ತು, ಹೊರಗೆ ಬಂದು ಅಂಥದ್ದೇ ಮರಿಗೆ ಬೆಲೆ ವಿಚಾರಿಸುವುದರಲ್ಲಿ ಇರುವ ವಿರೋಧಾಭಾಸ ಅಲಂಕಾರವನ್ನು ಲಾಕ್ಷಣಿಕರು ಗಮನಿಸಬೇಕು. ತ್ಯಕ್ತಕ್ಕೆ ಸೋಫಾ ಗೊತ್ತು, ಲಿಫ್ಟು ಗೊತ್ತು. ಸಿಟ್ ಎಂದರೆ ಕೂರುತ್ತದೆ. ಕೂತ್ಕೋ ಎಂದರೆ ಗಾಬರಿಯಿಂದ ಮುಖ ನೋಡುತ್ತದೆ. ಈ ಬಡಾವಣೆಗಳಲ್ಲಿ ಇದು ನಾಯಿಗಷ್ಟೇ ಸೀಮಿತವಾದ ಲಕ್ಷಣವಲ್ಲ. ಅದಕ್ಕೆ ಗೊತ್ತಿಲ್ಲದ್ದು ಒಂದೇ, ಹಳೆಯವರು ಯಾಕೆ ಬರಲಿಲ್ಲ ಎಂಬುದು. ಯಾವುದೋ ಒಂದು ಮಾದರಿಯ ಬೈಕಿನ ಸದ್ದಿಗೆ ಮಾತ್ರ ಗೇಟಿಗೆ ಓಡುತ್ತದೆ. ಇದರ ಒಳಭೇದವಾದ ಪ್ರಸೂತಿಕ್ಲಾಂತ, ಅಂದರೆ ಮರಿ ಮಾರುವವರು ಹೆರಿಸಿ ಹೆರಿಸಿ ಬಿಸಾಡಿದ ತಾಯಿನಾಯಿ, ಪಂಜರದ ಕಂಬಿಯ ನೆಲ ಬಿಟ್ಟು ಬೇರೇನೂ ಕಂಡಿರುವುದಿಲ್ಲ. ಹುಲ್ಲಿನ ಮೇಲೆ ಇಳಿಸಿದರೆ ಒಂದು ಕಾಲನ್ನು ಮೇಲೆತ್ತಿ ನಿಲ್ಲುತ್ತದೆ.

ಪುನರಾಗತವೆಂದರೆ ದತ್ತು ಹೋಗಿ ವಾಪಸಾದದ್ದು. 2020ರ ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ನಾಯಿ ತಂದವರಿಗೆ ಆಫೀಸು ತೆರೆದ ಮೇಲೆ ಹೊತ್ತೇ ಸಿಗಲಿಲ್ಲ. ದೆಹಲಿಯ ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ದತ್ತು ಪಡೆದ ಬೀದಿನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದಿತು. ಕಾನೂನಿಗಿಂತ ಮೊದಲೇ ಇದನ್ನು ಹೇಳಬೇಕಾಗಿದ್ದದ್ದು ಮನೆಯ ಹಿರಿಯರು.

ಗೃಹಭೇದ

ನಾಯಿಯನ್ನು ವಿಂಗಡಿಸಿ ಮನೆಯನ್ನು ಬಿಟ್ಟರೆ ಶಾಸ್ತ್ರ ಅರ್ಧವಾಗುತ್ತದೆ. ಜಯನಗರದ ಸ್ವಂತ ಮನೆಗೆ ಗೇಟು, ಸಂಪಿಗೆ ಮರ, ಮುಂದೆ ಒಂದಿಷ್ಟು ಮಣ್ಣು, ಒಳಗೆ ಇಬ್ಬರು ಹಿರಿಯರು, ಮಕ್ಕಳು ಅಮೆರಿಕದಲ್ಲಿ. ಈ ಮನೆಯ ದೊಡ್ಡ ಆಸ್ತಿ ತಾತನ ದಿನಚರಿ. ಐದೂವರೆಗೆ ಎದ್ದು ಮಾಧವನ್ ಪಾರ್ಕಿಗೆ, ಆರೂವರೆಗೆ ಕಾಫಿ, ಹನ್ನೊಂದಕ್ಕೆ ಊಟ, ಎರಡಕ್ಕೆ ನಿದ್ದೆ. ನಲವತ್ತು ವರ್ಷ ಮನೆಯವರೆಲ್ಲ ಗೇಲಿ ಮಾಡಿದ ಈ ವೇಳಾಪಟ್ಟಿಯನ್ನು ಮೆಚ್ಚಿಕೊಂಡು ಅನುಸರಿಸುವ ಮೊದಲ ಜೀವಿ ನಾಯಿ. ಮುಂದೇನಾಗುತ್ತದೆ ಎಂದು ತಿಳಿದಿರುವುದೇ ಹೆದರಿದ ಪ್ರಾಣಿಗೆ ದೊಡ್ಡ ಔಷಧ.

ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ನಾಯಿಗಿಂತ ಮೊದಲು ವಾಟ್ಸ್ಆ್ಯಪ್ ಗುಂಪು ಒಗ್ಗಬೇಕು. ನಾಯಿ ಬಂದ ದಿನ ರಾತ್ರಿಯೇ ‘ಕೈಂಡ್ ಅಟೆನ್ಷನ್ ಆಲ್’ ಎಂದು ಶುರುವಾಗುವ ಸಂದೇಶ ಬರುತ್ತದೆ. ಸಾಕುನಾಯಿಯನ್ನು ನಿಷೇಧಿಸುವ, ಲಿಫ್ಟು ಬಳಸಬೇಡಿ ಎನ್ನುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಅದನ್ನು ಗುಂಪಿಗೆ ಹಾಕಿ ಗೆಲ್ಲಬಹುದು, ಆದರೆ ಗೆದ್ದ ಮೇಲೂ ಅದೇ ಲಿಫ್ಟಿನಲ್ಲಿ ಅದೇ ಕಾರ್ಯದರ್ಶಿಯ ಜೊತೆ ಆರು ಮಹಡಿ ಇಳಿಯಬೇಕು. ನನ್ನ ಸಲಹೆ, ಸುತ್ತೋಲೆ ಜೇಬಿನಲ್ಲಿರಲಿ, ಗಲೀಜು ಎತ್ತುವ ಕವರು ಎಲ್ಲರಿಗೂ ಕಾಣುವಂತೆ ಕೈಯಲ್ಲಿರಲಿ.

ಬನಶಂಕರಿಯದು ಮೇಲ್ಮನೆ ಬಾಡಿಗೆ, ಕೆಳಗೆ ಓನರ್. ಇಲ್ಲಿ ನಾಯಿ ಕಲಿಯಬೇಕಾದ ಮೊದಲ ಪಾಠ ಓನರ್ ಅಂಕಲ್ ಮುಂದೆ ಮೌನ. ಕಲಿತರೆ ಒಂದು ತಿಂಗಳಲ್ಲಿ ಅಂಕಲ್ಲೇ “ನಮ್ಮ ನಾಯಿ” ಎನ್ನತೊಡಗುತ್ತಾರೆ, ಬಾಡಿಗೆ ಮಾತ್ರ ಎಂದಿನಂತೆ ಏರುತ್ತದೆ. ಬಿ.ಟಿ.ಎಂ. ಲೇಔಟಿನದು ಮೂವರು ನಾಲ್ವರು ಹುಡುಗರು ಹಂಚಿಕೊಂಡ ಫ್ಲಾಟು. ಒಬ್ಬನಿಗೆ ರಾತ್ರಿ ಪಾಳಿ, ಒಬ್ಬನಿಗೆ ಹಗಲು, ಒಬ್ಬ ಯಾವಾಗ ಬರುತ್ತಾನೆಂದು ಅವನಿಗೇ ತಿಳಿಯದು. ಮೇಲ್ನೋಟಕ್ಕೆ ಇದು ನಾಯಿಗೆ ನರಕ. ಆದರೆ ಮನೆಯಲ್ಲಿ ಯಾವಾಗಲೂ ಒಬ್ಬರಾದರೂ ಇರುತ್ತಾರೆ, ಇದ್ದವರು ಮಲಗಿರುತ್ತಾರೆ. ದಿನದ ಅರ್ಧಕ್ಕೂ ಹೆಚ್ಚು ಹೊತ್ತು ನಿದ್ದೆ ಮಾಡುವ ಪ್ರಾಣಿಗೆ ಇದಕ್ಕಿಂತ ತಕ್ಕ ಸಹವಾಸ ಯಾವುದು? ಉಪೇಕ್ಷಾ ಸಿದ್ಧಾಂತವನ್ನು ಪ್ರಯತ್ನವೇ ಇಲ್ಲದೆ ಸಾಧಿಸಿದವರು ಬಿ.ಟಿ.ಎಂ.ನವರು. ಅವರೆಲ್ಲರೂ ಒಂದೇ ದಿನ ಊರಿಗೆ ಹೋಗುವ ದೀಪಾವಳಿ ರಜೆಯೇ ತೊಂದರೆ.

ಷೋಡಶೋಪಚಾರ ಖಂಡನ

ಇದು ಗ್ರಂಥದ ಹೃದಯ. ಪೂರ್ವಪಕ್ಷ ಹೀಗಿದೆ: ಮನೆಗೆ ಬಂದವರನ್ನು ಆದರಿಸುವುದು ಧರ್ಮ, ನಾಯಿ ಮನೆಗೆ ಬಂದಿದೆ, ಆದ್ದರಿಂದ ನಾಯಿಯನ್ನು ಆದರಿಸಬೇಕು. ಅನುಮಾನದ ರೂಪ ನಿರ್ದೋಷವಾಗಿದೆ. ನಾಯಿಯ ಕಡೆಯಿಂದ ನೋಡಿದರೆ ಆಗುವುದು ಇಷ್ಟು.

ಆವಾಹನ: ಇನ್ನೂ ಕಿವಿಗೆ ಬೀಳದ ಹೊಸ ಹೆಸರನ್ನು ಐದು ಜನ ಐದು ದಿಕ್ಕಿನಿಂದ ಕೂಗುತ್ತಾರೆ. ಹೆಸರು ಬೋಂಡ ಎಂದೋ ಕಾಫಿ ಎಂದೋ ಇರುತ್ತದೆ; ನಿಜವಾದ ಬೋಂಡ ಬೇಕೇ ಎಂದು ಕೂಗಿದಾಗಲೂ ಅದು ಗೊಂದಲಕ್ಕೆ ಬೀಳುವುದು ಮುಂದಿನ ಮಾತು. ಆಸನ: ಆನ್‌ಲೈನಿನಲ್ಲಿ ತರಿಸಿದ ದುಬಾರಿ ಹಾಸಿಗೆ. ನಾಯಿ ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗುತ್ತದೆ. ಪಾದ್ಯ: ಕಾಲು ಒರೆಸುವುದು. ಪಾದ ಮುಟ್ಟಿಸಿಕೊಳ್ಳುವುದು ನಾಯಿಗೆ ಬಹಳ ತಡವಾಗಿ ಬರುವ ವಿಶ್ವಾಸ. ಮೊದಲ ದಿನವೇ ಹಿಡಿದರೆ ಹಲ್ಲು ಕಾಣುತ್ತದೆ. ಸ್ನಾನ: ಬಂದ ದಿನವೇ ಬಿಸಿನೀರು, ಶಾಂಪೂ, ಹೇರ್ ಡ್ರೈಯರ್. ಎಲ್ಲವೂ ಬದಲಾದ ದಿನ ನಾಯಿಯ ಬಳಿ ಉಳಿದಿರುವ ಒಂದೇ ಸ್ವಂತ ವಸ್ತು ಅದರ ವಾಸನೆ, ಅದನ್ನೂ ತೊಳೆದುಬಿಡುತ್ತೇವೆ. ಉಣ್ಣೆ ಹುಳು ವಿಪರೀತ ಇದ್ದರೆ ವೈದ್ಯರನ್ನು ಕೇಳಬೇಕು, ಏಕೆಂದರೆ ಟಿಕ್ ಫೀವರ್ ಎಂಬುದು ಈ ಊರಿನಲ್ಲಿ ಹುಡುಗಾಟದ ಕಾಯಿಲೆಯಲ್ಲ. ಇಲ್ಲವಾದರೆ ಸ್ನಾನಕ್ಕೆ ವಾರಗಟ್ಟಲೆ ಅವಸರವಿಲ್ಲ. ವಸ್ತ್ರ: ಡಿಸೆಂಬರಿನಲ್ಲಿ ಸ್ವೆಟರ್. ಯಜ್ಞೋಪವೀತ: ಹಾರ್ನೆಸ್, ಇದೊಂದು ನಿಜಕ್ಕೂ ಬೇಕಾದ ಸಂಸ್ಕಾರ, ಆದರೆ ಪಕ್ಕದಲ್ಲಿಟ್ಟು ಮೂಸಲು ಬಿಟ್ಟು ಆಮೇಲೆ ತೊಡಿಸಬೇಕು. ಗಂಧ, ಧೂಪ: ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಕಾಯಿಲ್, ರೂಮ್ ಫ್ರೆಶ್‌ನರ್. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷವಾದರೆ ನಾಯಿಯದರಲ್ಲಿ 20 ಕೋಟಿಗೂ ಹೆಚ್ಚು. ನಮಗೆ ಮಂಗಳಕರವೆನಿಸಿದ್ದು ಅದಕ್ಕೆ ಏನೆನಿಸುತ್ತದೆ ಎಂದು ಅದನ್ನೇ ಕೇಳಬೇಕು. ದೀಪ: ಮೊಬೈಲ್ ಫ್ಲ್ಯಾಶ್.

ನೈವೇದ್ಯಕ್ಕೆ ಪ್ರತ್ಯೇಕ ಭಾಷ್ಯ ಬೇಕು. ಅಜ್ಜಿ ಮೊಸರನ್ನ, ಅಮ್ಮ ಬಿಸ್ಕೆಟ್, ಅಪ್ಪ ಚಪಾತಿ, ಮಗಳು ಪ್ಯಾಕೆಟ್ಟಿನ ಕಾಳು, ಪಕ್ಕದ ಮನೆಯವರು ಗೋಡೆಯಾಚೆಯಿಂದ ಚಿಕನ್, ಒಂದೇ ಸಂಜೆ. ರಾತ್ರಿಯಿಡೀ ಆಗುವ ಭೇದಿಗೆ ನಾಯಿಯ ಜಾತಿಯನ್ನು ಹೊಣೆ ಮಾಡಲಾಗುತ್ತದೆ. ಮೊದಲು ಎಲ್ಲಿತ್ತೋ ಅಲ್ಲಿ ತಿನ್ನುತ್ತಿದ್ದುದನ್ನೇ ಕೊಟ್ಟು ನಿಧಾನಕ್ಕೆ ಬದಲಿಸಬೇಕು. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ, ಚಾಕೊಲೇಟೂ ಆಗದು. ಪ್ರದಕ್ಷಿಣೆ: ನೋಡಲು ಬಂದ ಮಕ್ಕಳು ಸುತ್ತ ಓಡುವುದು. ನಮಸ್ಕಾರ: ಮೇಲಿನಿಂದ ಬಗ್ಗಿ ಅಪ್ಪಿಕೊಳ್ಳುವುದು. ನಾಯಿಗಳ ಭಾಷೆಯಲ್ಲಿ ಮೇಲಿನಿಂದ ಎರಗುವವನು ಭಕ್ತನಲ್ಲ.

ಹದಿನಾರರಲ್ಲಿ, ಹಾರ್ನೆಸ್ ಬಿಟ್ಟರೆ, ಸಿದ್ಧಾಂತಿಗೆ ಒಪ್ಪಿಗೆಯಾದವು ಮೂರು: ಆಸನ, ನೀರು, ನೈವೇದ್ಯ. ಅವನ್ನೂ ಇಟ್ಟು ಎದ್ದು ಹೋಗಬೇಕು. ನಾಯಿ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳುಪು ತೋರಿಸುವುದು, ಇವೆಲ್ಲ ‘ಸಾಕು’ ಎನ್ನುವ ಮಾತುಗಳು. ಇನ್ನೊಂದು ಹೋಳಿಗೆ ಬಡಿಸುವವರ ಎದುರು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಅರ್ಥವಾಗದ ನಮಗೆ ಇದು ಅರ್ಥವಾಗಲು ಸ್ವಲ್ಪ ಕಾಲ ಹಿಡಿಯುವುದು ಸಹಜ.

ಶಬ್ದಪ್ರಮಾಣ

ನಾವು ಸುಮಾರು 20 ಸಾವಿರ ಹರ್ಟ್ಜ್‌ವರೆಗೆ ಕೇಳುತ್ತೇವೆ, ನಾಯಿ 45 ಸಾವಿರದವರೆಗೆ. ದಕ್ಷಿಣ ಬೆಂಗಳೂರಿನ ಅಡುಗೆಮನೆ ಅದಕ್ಕೆ ಎಂಥ ರಂಗಸ್ಥಳವೆಂದು ಊಹಿಸಬಹುದು. ಕುಕ್ಕರ್ ವಿಷಲ್ಲು ಆಕಸ್ಮಿಕ ಶಬ್ದ. ಮಿಕ್ಸಿ ದೀರ್ಘ ಶಬ್ದ. ಸಂಪಿನ ಮೋಟಾರು ಅದೃಶ್ಯ ಶಬ್ದ. ಕಸದ ಆಟೋದ ಹಾಡು ನಿತ್ಯ ಶಬ್ದ. ಬೀದಿಜಕ್ಕೆ ಕೊನೆಯದು ಹಳೆಯ ವೃತ್ತಿಯ ಕರೆ, ಮನೆಯೊಳಗಿಂದಲೇ ಬೆಂಗಾವಲು ಕೊಡುತ್ತದೆ. ಉಳಿದವಕ್ಕೆ ಉಪಾಯ ಸುಲಭ: ಮಿಕ್ಸಿ ಹಾಕುವ ಮೊದಲು ನಾಯಿಯನ್ನು ದೂರದ ಕೋಣೆಗೆ ಕಳಿಸಿ, ಸದ್ದಾದಾಗಲೆಲ್ಲ ಒಂದು ತುಣುಕು ತಿಂಡಿ. ಕೆಲವು ವಾರಗಳಲ್ಲಿ ಚಟ್ನಿ ರುಬ್ಬಿದರೆ ಅಡುಗೆಮನೆಗೆ ಓಡಿ ಬರುತ್ತದೆ.

ಗಣಪತಿ ವಿಸರ್ಜನೆಯ ತಮಟೆ, ರಾಜ್ಯೋತ್ಸವದ ಆರ್ಕೆಸ್ಟ್ರಾ, ದೀಪಾವಳಿಯ ಲಕ್ಷ್ಮಿ ಪಟಾಕಿ, ಇವು ಪ್ರಳಯ ಶಬ್ದಗಳು. ಅಕ್ಟೋಬರ್ ನವೆಂಬರಿನಲ್ಲಿ ‘ಕಾಣೆಯಾಗಿದೆ’ ಎಂಬ ನಾಯಿಗಳ ಚಿತ್ರಗಳು ಹೆಚ್ಚುವುದು ಇದಕ್ಕೇ. ಆಗಸ್ಟಿನಿಂದ ದೀಪಾವಳಿಯವರೆಗೆ ಹೊಸ ನಾಯಿ ತರದಿರುವುದೇ ಲೇಸೆಂದು ನನ್ನ ಮತ. ತಂದಿದ್ದರೆ ಕತ್ತಲಾಗುವ ಮೊದಲೇ ತಿರುಗಾಡಿಸಿ, ಕಿಟಕಿ ಮುಚ್ಚಿ, ಟೀವಿ ಹಾಕಿ, ಅದು ಆರಿಸಿಕೊಂಡ ಮೂಲೆಯಲ್ಲೇ ಬಿಟ್ಟು, ಬಾಗಿಲಿಗೆ ಎರಡು ಚಿಲಕ ಹಾಕಬೇಕು. ಬನಶಂಕರಿ ದೇವಸ್ಥಾನದ ಸುತ್ತಲಿನ ಮನೆಗಳವರು ಧ್ವನಿವರ್ಧಕದ ಬಗ್ಗೆ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅಲ್ಲಿನ ನಾಯಿಗಳು ಭಕ್ತಿಮಾರ್ಗ ಹಿಡಿಯುತ್ತವೆ.

ಕಾಲಭೇದ

ನಾಯಿ ಸಾಕುವವರಲ್ಲಿ ಮೂರು–ಮೂರು–ಮೂರು ಎಂಬ ಸೂತ್ರ ಪ್ರಚಾರದಲ್ಲಿದೆ: ಹೆದರಿಕೆ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ತನ್ನದೇ ಮನೆ ಎನಿಸಲು ಮೂರು ತಿಂಗಳು. ಸ್ಥೂಲವಾಗಿ ಸರಿ. ತೊಂದರೆ ಏನೆಂದರೆ ಜನ ಇದನ್ನು ಪಂಚಾಂಗದಂತೆ ಓದುತ್ತಾರೆ. ನಾಲ್ಕನೇ ದಿನ ಬೆಳಿಗ್ಗೆ ನಾಯಿ ಇನ್ನೂ ಮಂಚದ ಕೆಳಗಿದ್ದರೆ ದೋಷಪರಿಹಾರ ಕೇಳುತ್ತಾರೆ. ಮೂರನೇ ವಾರದ ಆಸುಪಾಸಿನಲ್ಲಿ ಇನ್ನೊಂದು ಆಗುತ್ತದೆ, ಅದನ್ನು ಸೂತ್ರಕಾರರು ಮೆಲ್ಲಗೆ ಹೇಳುತ್ತಾರೆ: ಅಲ್ಲಿಯವರೆಗೆ ಋಷಿಯಂತೆ ಇದ್ದ ನಾಯಿ ಸೋಫಾ ಹರಿಯುತ್ತದೆ, ಕೊರಿಯರ್ ಹುಡುಗನ ಮೇಲೆ ಎಗರುತ್ತದೆ. ಕೆಟ್ಟಿತು ಎಂದು ಅನೇಕರು ವಾಪಸು ಕಳಿಸುವುದು ಈಗಲೇ. ಮೊದಲಿನದು ಒಳ್ಳೆಯತನವಾಗಿರಲಿಲ್ಲ, ಹೆದರಿಕೆಯಾಗಿತ್ತು, ಈಗ ಮಾತಾಡುತ್ತಿದೆ.

ಅಗಲಿಕೆಯ ಅಭ್ಯಾಸವನ್ನೂ ಈ ಹೊತ್ತಿಗೇ ಮಾಡಿಸಬೇಕು. ಚಪ್ಪಲಿ ಮೆಟ್ಟಿ, ಬೀಗದ ಕೈ ಅಲ್ಲಾಡಿಸಿ, ಹೊರಗೆ ಹೋಗಿ ಒಂದು ನಿಮಿಷಕ್ಕೆ ವಾಪಸು ಬರಬೇಕು, ಆಮೇಲೆ ಐದು, ಆಮೇಲೆ ತರಕಾರಿ ತರುವಷ್ಟು. ಹೋಗುವಾಗ “ಹೋಗ್ಬರ್ತೀನಿ ಕಂದ” ಎಂದು ಕಣ್ಣೊರೆಸಿಕೊಳ್ಳುವುದು ನಿಷಿದ್ಧ. ಮಗ ವೀಸಾ ತೆಗೆದುಕೊಂಡು ಹೊರಟಾಗ ಹಾಗೆ ಮಾಡಿಯಾಗಿದೆ, ಅವನೇನೂ ಬೇಗ ಬರಲಿಲ್ಲ.

ಗುರ್ ವಿಚಾರ

ಗುರ್ ಎನ್ನುವ ನಾಯಿಯನ್ನು ಗದರಿಸಬಾರದು. ಬಟ್ಟಲಿಗೆ ಕೈಹಾಕಿದಾಗ, ಮಲಗಿದ್ದಾಗ ತುಳಿದಾಗ, ಪೊರಕೆ ಎತ್ತಿದಾಗ ಅದು ಗುರ್ ಎಂದರೆ ಇನ್ನೂ ಮಾತುಕತೆಗೆ ಸಿದ್ಧವಿದೆ ಎಂದು ಅರ್ಥ. ಹೊಡೆದು ಆ ಸದ್ದನ್ನು ನಿಲ್ಲಿಸಿದರೆ ನಿಲ್ಲುವುದು ಎಚ್ಚರಿಕೆ ಮಾತ್ರ, ಮುಂದಿನ ಸಲ ಎಚ್ಚರಿಕೆಯಿಲ್ಲದೆ ಹಲ್ಲು ಬರುತ್ತದೆ. ಬಟ್ಟಲಿನ ಹತ್ತಿರ ಹೋದಾಗ ಕಸಿಯುವ ಬದಲು ಇನ್ನಷ್ಟು ರುಚಿಯದ್ದನ್ನು ಹಾಕಿ ಬರಬೇಕು. ಬರುವ ಕೈ ಕೊಡುವ ಕೈ ಎಂದು ಅದಕ್ಕೆ ಗೊತ್ತಾಗುತ್ತದೆ. ಕಚ್ಚಿಯೇ ಬಿಟ್ಟರೆ ಈ ಗ್ರಂಥವನ್ನು ಮುಚ್ಚಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಕಾಫಿಪುಡಿ, ಪಕ್ಕದ ಮನೆಯವರ ಅಭಿಪ್ರಾಯ ಯಾವುದನ್ನೂ ಹಚ್ಚಬಾರದು.

ಸಂಕೀರ್ಣ ಪ್ರಕರಣ

ಯಾವ ವರ್ಗಕ್ಕೂ ಸೇರದ ನಾಯಿಗಳು ಇದ್ದೇ ಇರುತ್ತವೆ. ಬಂದ ಮೊದಲ ಗಂಟೆಯಲ್ಲೇ ತಾತನ ಈಸಿ ಚೇರ್ ಹತ್ತಿ ಮಲಗಿದ್ದು ಉಂಟು. ಎರಡು ವರ್ಷವಾದರೂ ಪೊರಕೆ ಕಂಡರೆ ನಡುಗುವುದೂ ಉಂಟು. ಅವುಗಳ ಹಿಂದಿನ ಕತೆ ನಮಗೆ ಸಿಗುವುದಿಲ್ಲ.

ವಿದ್ವಾಂಸರಲ್ಲಿ ವಿವಾದವಾಗಿಯೇ ಉಳಿದಿರುವುದು ಇನ್ನೊಂದು ವರ್ಗ. ಮಳೆಯಲ್ಲಿ ನೆನೆದು, ಕಾಲು ಊನವಾಗಿ, ಬೀದಿಯಿಂದ ಮನೆಗೆ ಬಂದ ಬೀದಿಜ ವರ್ಷ ತುಂಬುವಷ್ಟರಲ್ಲಿ ಗೇಟಿನ ಸಂದಿಗೆ ಮೂತಿ ಇಟ್ಟು ಬೀದಿನಾಯಿಗಳ ಮೇಲೆ ಕೂಗಾಡತೊಡಗುತ್ತದೆ. ಅದರಲ್ಲೂ ಹಿಂದೆ ಜೊತೆಯಲ್ಲಿ ಗಸ್ತು ತಿರುಗಿದವುಗಳ ಮೇಲೆ ಹೆಚ್ಚು. ಒಳಗೆ ತಾತ ಫೋನಿನಲ್ಲಿ, ಈ ಕ್ರಾಸ್‌ನಲ್ಲಿ ಬೀದಿನಾಯಿಗಳ ಕಾಟ ಜಾಸ್ತಿಯಾಗಿದೆ, ಏನಾದರೂ ಮಾಡಿ ಎಂದು ಪಾಲಿಕೆಗೆ ದೂರು ಕೊಡುತ್ತಿರುತ್ತಾರೆ. ಇಂಥದ್ದನ್ನು ಬೀದಿಜದಲ್ಲೇ ಇಡಬೇಕೆಂದು ಕೆಲವರು, ಹೊಸ ವರ್ಗ ಮಾಡಬೇಕೆಂದು ಕೆಲವರು. ನಾನು ಸದ್ಯಕ್ಕೆ ‘ಸ್ಥಳೀಯ ನಿವಾಸಿ’ ಎಂದು ಬರೆದುಕೊಂಡಿದ್ದೇನೆ.